ಬೋಣಿಗೆ ಮುಂಚೆ ಹೋಗಬೇಡಿ: ರಗ್ಬಿ ಕ್ಲಬ್ಬಿನ ಖಜಾಂಚಿಯೊಬ್ಬನ ಮಾತು

(ಬೆಂಗಳೂರಿನಲ್ಲಿ ಹವ್ಯಾಸಿ ಕ್ರೀಡಾ ಕ್ಲಬ್ ನಡೆಸುವವರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಒಂದೇ ಮಾತನ್ನು ಎರಡು ಸಲ ಹೇಳಿದ್ದ ಕಡೆ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ರಗ್ಬಿ ಆಟಗಾರ ಅಂದರು. ಅದು ಹಳೆಯ ಸುದ್ದಿ. ಮಂಡಿ ಕೈಕೊಟ್ಟ ಮೇಲೆ ನಾನು ಕ್ಲಬ್ಬಿನ ಖಜಾಂಚಿ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕೆಸರಾಗುತ್ತಿರುವಾಗ ಗೆರೆಯಾಚೆ ನಿಂತು, ಮುಂದಿನ ತಿಂಗಳ ಮೈದಾನದ ಬಾಡಿಗೆ ಎಲ್ಲಿಂದ ಹೊಂದಿಸೋದು ಅಂತ ಲೆಕ್ಕ ಹಾಕುವವನು. ಇವತ್ತಿನ ಮಾತೂ ಅದೇ. ಏರಿಯಾದ ಅಂಗಡಿ, ಹೋಟೆಲು, ಕ್ಲಿನಿಕ್ಕು, ಸಣ್ಣ ಕಾರ್ಖಾನೆಯವರ ಹತ್ತಿರ ಹೋಗಿ ಪ್ರಾಯೋಜಕತ್ವ ಕೇಳುವುದು ಹೇಗೆ ಅಂತ. ಅಂದಹಾಗೆ, ಪ್ರಾಯೋಜಕತ್ವ ಅನ್ನುವ ಪದವನ್ನು ಅಂಗಡಿಯವರ ಮುಂದೆ ನಾನು ಒಂದು ಸಲವೂ ಬಳಸಿಲ್ಲ. ಸ್ಪಾನ್ಸರ್ ಅಂದರೆ ಸಾಕು, ಎಲ್ಲರಿಗೂ ಗೊತ್ತು.

ಮೊದಲು ಒಂದು ಹಳೇ ಕಥೆ. 1873ರಲ್ಲಿ ಕಲ್ಕತ್ತದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿಕೊಂಡರು. ಶುರುವಿನಲ್ಲಿ ಜನವೋ ಜನ. ಕ್ಲಬ್ಬಿನ ಬಾರಿನಲ್ಲಿ ಪುಕ್ಕಟೆ ಕುಡಿಯಲು ಸಿಗುತ್ತಿತ್ತಂತೆ, ಅದು ನಿಂತ ಮೇಲೆ ಸದಸ್ಯರೂ ಕರಗಿದರಂತೆ. ಆ ಸೆಕೆಯಲ್ಲಿ ಪೋಲೋ, ಟೆನಿಸ್ಸೇ ವಾಸಿ ಅನ್ನಿಸಿದ್ದೂ ಇರಬಹುದು. ಅಂತೂ 1878ರ ಹೊತ್ತಿಗೆ ಬ್ಯಾಂಕಿನಲ್ಲಿ ದುಡ್ಡಿತ್ತು, ಆಡಲು ಜನ ಇರಲಿಲ್ಲ. ಖಾತೆ ಮುಚ್ಚಿ, 270 ಬೆಳ್ಳಿ ರೂಪಾಯಿ ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಒಂದು ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಆಡುತ್ತಿರುವುದು ಈ ಕಲ್ಕತ್ತಾ ಕಪ್ಪಿಗೆ. ಆ ಕ್ಲಬ್ಬಿನ ಖಜಾಂಚಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನಮ್ಮದು ಉಲ್ಟಾ. ಆಡುವವರು ಮೂವತ್ತು ಚಿಲ್ಲರೆ ಜನ, ಖಾತೆಯಲ್ಲಿ ಕರಗಿಸೋಕೆ ಏನೂ ಇಲ್ಲ.

ಹಾಗಂತ ನಮ್ಮದು ದುಬಾರಿ ಆಟವೇನಲ್ಲ. ಚೆಂಡು, ಜೆರ್ಸಿ, ಸ್ಟಡ್ ಇರುವ ಬೂಟು, ಹಲ್ಲಿಗೊಂದು ಮೌತ್‌ಗಾರ್ಡ್, ಅಭ್ಯಾಸದಲ್ಲಿ ಗುದ್ದೋಕೆ ಹಿಟ್ ಶೀಲ್ಡು, ಟ್ಯಾಕಲ್ ಬ್ಯಾಗು. ಇಷ್ಟೇ. ದುಡ್ಡು ತಿನ್ನುವುದು ಮೈದಾನ. ಈ ಊರಲ್ಲಿ ಗಂಟೆಗೆ ಇಷ್ಟು ಅಂತ ಬಾಡಿಗೆ ತಗೊಂಡು ಫುಟ್‌ಬಾಲಿಗೆ ಕೊಡುವವರು ರಗ್ಬಿ ಅಂದರೆ 'ಹುಲ್ಲು ಹಾಳಾಗುತ್ತೆ' ಅಂತಾರೆ. ಅದು ನಿಜವೂ ಹೌದು. ಆಮೇಲೆ ಬೇರೆ ಊರಿನ ಟೂರ್ನಿಗೆ ಹೋಗುವಾಗ ರೈಲು, ಟಿಟಿ ಗಾಡಿ, ರೂಮು. ಆಟಗಾರರ ತಿಂಗಳ ವಂತಿಗೆಯಲ್ಲಿ ಮೈದಾನ ಒಂದು ಹೇಗೋ ಸರಿಹೋಗುತ್ತೆ, ಉಳಿದದ್ದಕ್ಕೆ ಹೊರಗೆ ಕೈಚಾಚಬೇಕು.

ಮೊದಲ ವರ್ಷ ನಾವು ಕೈಚಾಚಿದ್ದು ತಪ್ಪು ದಿಕ್ಕಿಗೆ. ನಮ್ಮಲ್ಲಿ ಅರ್ಧ ಜನ ಐಟಿಯವರು, ಪಿಪಿಟಿ ಮಾಡೋದು ಅಂದರೆ ಅವರಿಗೆ ಹಬ್ಬ. ಹದಿನಾಲ್ಕು ಸ್ಲೈಡು, ಪೂರಾ ಇಂಗ್ಲಿಷು. ಪ್ಲಾಟಿನಂ ಸ್ಪಾನ್ಸರ್, ಗೋಲ್ಡ್ ಸ್ಪಾನ್ಸರ್, ಸಿಲ್ವರ್ ಸ್ಪಾನ್ಸರ್ ಅಂತ ಮೂರು ಕಾಲಂ, ಯಾವುದೋ ಒಡವೆ ಅಂಗಡಿಯ ಸ್ಕೀಮಿನ ಹಾಗೆ. ಔಟರ್ ರಿಂಗ್ ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಸಿಕ್ಕ ಸಿಕ್ಕ ಕಂಪನಿಗೆಲ್ಲ ಮೇಲ್ ಹಾಕಿದೆವು. ಉತ್ತರ ಬಂದದ್ದು ಎರಡು. ಎರಡರಲ್ಲೂ ಒಂದೇ ಮಾತು, ಸಿಎಸ್‌ಆರ್ ವಿಭಾಗದವರನ್ನು ಕೇಳಿ. ಸಿಎಸ್‌ಆರ್ ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಲ್ಲಿರುವ ಅರ್ಧ ಕ್ಲಬ್ಬುಗಳು ಇದೇ ಹಳ್ಳಕ್ಕೆ ಬಿದ್ದಿರೋದು ನನಗೆ ಗೊತ್ತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಅನ್ನೋ ಪಟ್ಟಿ ಏಳನೇ ಷೆಡ್ಯೂಲಿನಲ್ಲಿದೆ. ಅದರಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಏಳು ಜನರ ರಗ್ಬಿ, ಅಂದರೆ ಸೆವೆನ್ಸ್, 2016ರ ರಿಯೋದಿಂದ ಒಲಿಂಪಿಕ್ಸ್‌ನಲ್ಲಿದೆ. ಹಾಗಾದರೆ ನಾವು ಅರ್ಹರು ಅಂತ ಕುಣಿದೆವು. ಆದರೆ 2021ರ ತಿದ್ದುಪಡಿಯಲ್ಲಿ ಒಂದು ಸಾಲಿದೆ. ತನ್ನ ಸರಕಿನ ಪ್ರಚಾರಕ್ಕಾಗಿ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ಪು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರಬೇಕು, ಮೂರು ವರ್ಷ ಅಂಥದೇ ಕೆಲಸ ಮಾಡಿದ ದಾಖಲೆ ಇರಬೇಕು. ನಮ್ಮ ಪಿಪಿಟಿಯ ಹತ್ತನೇ ಸ್ಲೈಡಿನಲ್ಲಿ ಸಿಎಸ್‌ಆರ್ ಹಣ ಕೇಳಿದ್ದೆವು, ಹನ್ನೊಂದನೇ ಸ್ಲೈಡಿನಲ್ಲಿ ಜೆರ್ಸಿಯ ಎದೆ ಮೇಲೆ ಲೋಗೋ ಹಾಕ್ತೀವಿ ಅಂದಿದ್ದೆವು. ಓದಿದವರು ನಕ್ಕು ಪಕ್ಕಕ್ಕಿಟ್ಟಿದ್ದರೆ ಅವರ ತಪ್ಪಿಲ್ಲ.

ದಿಕ್ಕು ತೋರಿಸಿದ್ದು ಒಂದು ಬೇಕರಿ. ಅಭ್ಯಾಸ ಮುಗಿದ ಮೇಲೆ ನಾಲ್ಕು ವರ್ಷದಿಂದ ಅಲ್ಲೇ ನಮ್ಮ ಟೀ, ಎಗ್ ಪಫ್, ಬೆಣ್ಣೆ ಬಿಸ್ಕತ್ತು. ಯಜಮಾನರು ಹಾಸನದ ಕಡೆಯವರು. ಒಂದು ಸಂಜೆ ಮಳೆಯಲ್ಲಿ ಆಡಿ ಹೋಗಿ ನಿಂತಿದ್ದೆವು. ಅವರು ಗಲ್ಲಾದಿಂದ ಬಗ್ಗಿ ನಮ್ಮ ಕಾಲು ನೋಡಿ, "ಅಲ್ಲಾ ಸಾರ್, ದಿನಾ ಹಿಂಗೆ ಬರ್ತೀರಲ್ಲ, ನೀವು ಯಾರದಾದ್ರೂ ಗದ್ದೆ ನಾಟಿಗೆ ಹೋಗ್ತೀರೋ ಹೆಂಗೆ?" ಅಂದರು. ಆಟ ಅಂದೆ. ಎಲ್ಲಿ, ಯಾವತ್ತು, ನೋಡಬಹುದಾ ಅಂದರು. ನಾಲ್ಕು ವರ್ಷದಿಂದ ನಮ್ಮನ್ನು ದಿನಾ ನೋಡುತ್ತಿದ್ದ ಮನುಷ್ಯ. ಅವರನ್ನು ಒಂದು ಮಾತು ಕೇಳದೆ, ಮುಖ ಕಾಣದ ಯಾರಿಗೋ ಹದಿನಾಲ್ಕು ಸ್ಲೈಡು ಕಳಿಸಿದ್ದೆವು.

ಆ ರಾತ್ರಿ ಕೂತು ಇನ್ನೊಂದು ಪಟ್ಟಿ ಮಾಡಿದೆ. ನಮಗೆ ಯಾರು ದುಡ್ಡು ಕೊಡಬಹುದು ಅನ್ನೋದಲ್ಲ, ನಮ್ಮಿಂದ ಈಗಾಗಲೇ ಯಾರಿಗೆ ವ್ಯಾಪಾರ ಆಗುತ್ತಿದೆ ಅನ್ನೋದು. ಬೇಕರಿ, ನೀರಿನ ಕ್ಯಾನಿನವನು, ಟಿಟಿ ಮಾಲೀಕ, ಮೊಟ್ಟೆ ಅಂಗಡಿ, ಫಿಸಿಯೋಥೆರಪಿ ಕ್ಲಿನಿಕ್ಕು, ಜೆರ್ಸಿ ಹೊಲಿಯುವವರು, ಜಿಮ್ಮು. ಮೂವತ್ತು ಜನ, ವಾರಕ್ಕೆ ಮೂರು ದಿನ, ತಲೆಗೆ ಅರವತ್ತು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಇಪ್ಪತ್ತೊಂದು ಸಾವಿರದ ಮೇಲಾಯಿತು, ಬರೀ ಟೀ ತಿಂಡಿಗೆ. ಒಂದು ತಿಂಗಳು ಎಲ್ಲರೂ ಮೈದಾನದ ಸುತ್ತ ಖರ್ಚು ಮಾಡಿದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಿ ಅಂದೆ. ಹಾಕಿದರು, ಗೊಣಗಿಕೊಂಡೇ. ಆ ಒಂದು ಹಾಳೆ ಕೈಯಲ್ಲಿದ್ದರೆ ನೀವು ಬೇಡುವವರಲ್ಲ, ಗಿರಾಕಿ. ಮಾತಿನ ಧಾಟಿಯೇ ಬೇರೆ ಆಗುತ್ತೆ.

ಇನ್ನು ಹೋಗುವ ಹೊತ್ತು. ಬೆಳಿಗ್ಗೆ ಶಟರ್ ಎತ್ತಿ, ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಬೆಳಗಿ ಮೊದಲ ಗಿರಾಕಿಗೆ ಕಾಯುತ್ತಿರುವವರ ಮುಂದೆ ಹೋಗಿ ನಿಲ್ಲಬೇಡಿ. ಬೋಣಿ ಆಗದೆ ಗಲ್ಲಾದಿಂದ ದುಡ್ಡು ಆಚೆ ಹೋಗೋದು ಯಾರಿಗೂ ಸೇರಲ್ಲ. ಸಂಜೆ ದೀಪ ಹಚ್ಚುವ ಹೊತ್ತಂತೂ ಬೇಡವೇ ಬೇಡ. ನಮಗೆ ಒಗ್ಗಿದ್ದು ಮಧ್ಯಾಹ್ನ ಮೂರೂವರೆ ನಾಲ್ಕು ಗಂಟೆ. ಊಟ ಆಗಿರುತ್ತೆ, ಗಿರಾಕಿ ಕಡಿಮೆ, ಯಜಮಾನರು ಪೇಪರ್ ಮಡಿಚಿಡುವ ಸಮಯ. ಕೈ ಬೀಸಿಕೊಂಡು ಹೋಗಬೇಡಿ, ಏನಾದರೂ ಕೊಂಡುಕೊಳ್ಳಿ.

ತಿಂಗಳೂ ನೋಡಬೇಕು. ಗಣೇಶನ ಹಬ್ಬದ ಹಿಂದೆಮುಂದೆ ಪ್ರತಿ ಅಡ್ಡರಸ್ತೆಗೊಂದು ಪೆಂಡಾಲು. ಆಮೇಲೆ ಅಣ್ಣಮ್ಮ ದೇವಿಯ ಉತ್ಸವ. ನವೆಂಬರ್ ಅಂದರೆ ತಿಂಗಳಿಡೀ ರಾಜ್ಯೋತ್ಸವ, ಆರ್ಕೆಸ್ಟ್ರಾ. ರಸೀದಿ ಪುಸ್ತಕ ಹಿಡಿದ ಗುಂಪು ತಿರುವಿನಲ್ಲಿ ಕಂಡರೆ ಶಟರ್ ಅರ್ಧ ಇಳಿಸುವ ಅಂಗಡಿಗಳನ್ನು ನಾನೇ ನೋಡಿದ್ದೇನೆ. ಆ ಸಾಲಿನಲ್ಲಿ ನಾವೂ ನಿಂತರೆ ನಮ್ಮದೂ ಚಂದಾ ಆಗಿಬಿಡುತ್ತೆ. ಚಂದಾ ಕೊಡುವವರು ತಲೆನೋವು ಕಳೆದರೆ ಸಾಕು ಅಂತ ಕೊಡ್ತಾರೆ. ನಾವು ಹೋಗುವುದು ಯುಗಾದಿ ಕಳೆದು, ಶಾಲೆ ಶುರುವಾಗುವ ಮುಂಚೆ. ಮಳೆಗಾಲದ ಪಂದ್ಯಗಳಿಗೆ ಜೆರ್ಸಿ ಹೊಲಿಸೋಕೂ ಅದೇ ಸಮಯ.

ಯಾರು ಹೋಗಬೇಕು ಅನ್ನೋದರಲ್ಲೂ ನಾವು ಪಾಠ ಕಲಿತೆವು. ಮೊದಲ ಸಲ ಒಂದು ಅಂಗಡಿಗೆ ಹೋದದ್ದು ನಾನೂ ಇನ್ನಿಬ್ಬರೂ. ಮೂವರೂ ಸ್ಕ್ರಮ್ಮಿನ, ಅಂದರೆ ಎರಡೂ ತಂಡದವರು ತಲೆ ಬಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಗುಂಪಿನ, ಮುಂದಿನ ಸಾಲಿನವರು, ತೊಂಬತ್ತು ಕೆಜಿಗೆ ಕಡಿಮೆ ಯಾರಿಲ್ಲ, ಒಬ್ಬನ ಹುಬ್ಬಿನ ಮೇಲೆ ಹೊಲಿಗೆ. ನಾನು ಬಾಯಿ ತೆಗೆಯುವ ಮುಂಚೆಯೇ ಅಂಗಡಿಯವರು ಐನೂರರ ನೋಟು ತೆಗೆದು ಕೌಂಟರ್ ಮೇಲಿಟ್ಟು, "ಇಷ್ಟೇ ಸಾರ್ ಆಗೋದು" ಅಂದರು. ಅದು ಸ್ಪಾನ್ಸರ್‌ಶಿಪ್ ಅಲ್ಲ ಸ್ವಾಮಿ, ಹಫ್ತಾ. ವಾಪಸ್ ಕೊಡೋಕೆ ಹತ್ತು ನಿಮಿಷ ಹಿಡಿಯಿತು. ಈಗ ಸ್ಕ್ರಮ್ಮಿಗೆ ಚೆಂಡು ಹಾಕುವ ನಮ್ಮ ಸ್ಕ್ರಮ್ ಹಾಫ್ ಹೋಗ್ತಾನೆ, ತಂಡದಲ್ಲೇ ಗಿಡ್ಡ. ಜೊತೆಗೆ ಮಹಿಳಾ ತಂಡದ ನಾಯಕಿ.

ಆಟ ಏನು ಅಂತ ಹೇಳೋದಕ್ಕೂ ಒಂದು ದಾರಿ ಬೇಕು. "ಅಮೆರಿಕದೋರು ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದಾ?" ಅಲ್ಲ. ನಮಗೆ ಕೆಲಸಕ್ಕೆ ಬಂದದ್ದು ಕಬಡ್ಡಿ. ರೈಡರ್‌ನ ಸೊಂಟ ಹಿಡಿದು ಕೆಡವುವುದನ್ನು ನಮ್ಮ ಜನಕ್ಕೆ ವಿವರಿಸಬೇಕಿಲ್ಲ. ಕೈಯಲ್ಲಿ ಚೆಂಡು ಹಿಡಿದು ಹಾಗೇ ನುಗ್ಗೋದು, ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಪಾಯಿಂಟು, ಅದಕ್ಕೆ ಟ್ರೈ ಅಂತಾರೆ. ಕೈಯಿಂದ ಮುಂದಕ್ಕೆ ಮಾತ್ರ ಎಸೆಯೋ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಬೇಕರಿಯವರು ಇದನ್ನು ಕೇಳಿ, "ಮುಂದೆ ಹೋಗ್ಬೇಕು ಅಂದ್ರೆ ಹಿಂದಿರೋನಿಗೆ ಕೊಡ್ಬೇಕು. ನಮ್ಮ ಚೀಟಿ ವ್ಯವಹಾರ ಇದ್ದಂಗೆ" ಅಂದರು. ಸೆವೆನ್ಸ್‌ನಲ್ಲಿ ಏಳೇಳು ನಿಮಿಷದ ಎರಡು ಅವಧಿ ಅಂದರೆ ಇನ್ನೂ ಸುಲಭ. ಅಂಗಡಿ ಬಿಟ್ಟು ಬಂದು ಒಂದು ಪಂದ್ಯ ನೋಡಿ ಹೋಗಬಹುದು. 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದದ್ದೂ ಅನುಕೂಲವಾಯಿತು. ಆರು ತಂಡಗಳಲ್ಲಿ ಒಂದು ಬೆಂಗಳೂರು ಬ್ರೇವ್‌ಹಾರ್ಟ್ಸ್. ಪಂದ್ಯಗಳೆಲ್ಲ ಮುಂಬೈಯಲ್ಲೇ ನಡೆದವು, ನಮ್ಮ ಕ್ಲಬ್ಬಿಗೆ ಅದರಿಂದ ಮೂರು ಕಾಸು ಬಂದಿಲ್ಲ. ಆದರೆ "ಬೆಂಗಳೂರು ಅಂತಾನೇ ಟೀಮಿದೆ, ಟಿವೀಲಿ ಬಂತು" ಅಂತ ಮಾತು ಶುರು ಮಾಡಬಹುದು.

ಈಗ ಜೆರ್ಸಿ ವಿಷಯ. ಎಲ್ಲರೂ ಮಾರುವುದು ಎದೆ. ಎದೆಗೆ ಹೆಚ್ಚು ರೇಟು, ಬೆನ್ನಿಗೆ ಅದಕ್ಕಿಂತ ಕಡಿಮೆ, ತೋಳಿಗೆ ಇನ್ನೂ ಕಡಿಮೆ. ಇದು ಕ್ರಿಕೆಟ್ಟಿನ ಲೆಕ್ಕ. ರಗ್ಬಿಯಲ್ಲಿ, ಅದೂ ಮಳೆಯಲ್ಲಿ, ಹತ್ತು ನಿಮಿಷಕ್ಕೆ ಎದೆ ಪೂರಾ ಕೆಸರು. ಟ್ರೈ ಗಳಿಸಿದವನು ಮಕಾಡೆ ಬಿದ್ದಿರ್ತಾನೆ. ಸ್ಕ್ರಮ್ಮಿನಲ್ಲಿ ಹದಿನಾರು ಜನ ತಲೆ ಬಗ್ಗಿಸಿರುವಾಗ ಫೋಟೋದಲ್ಲಿ ಏನು ಕಾಣುತ್ತೆ ಅಂತ ನೀವೇ ಯೋಚಿಸಿ. ನಮ್ಮ ಹಳೇ ಫೋಟೋಗಳನ್ನು ಹರಡಿಕೊಂಡು ಎಣಿಸಿದೆವು. ಹೆಸರು ಓದೋಕೆ ಬರುವುದು ಕುತ್ತಿಗೆಯ ಹಿಂದೆ, ಭುಜದ ಮೇಲೆ, ಆಮೇಲೆ ಚಡ್ಡಿಯ ಹಿಂಭಾಗದಲ್ಲಿ. ಇದನ್ನು ಸ್ಪಾನ್ಸರ್‌ಗೆ ಮೊದಲೇ ಹೇಳಿಬಿಡ್ತೀವಿ. ಎದೆ ಬೇಕೇ ಬೇಕು ಅಂದರೆ ಹಾಕ್ತೀವಿ, ಆದರೆ ಕೆಸರಾಗುತ್ತೆ ಅಂತ ಹೇಳಿಯೇ ಹಾಕ್ತೀವಿ.

ಚಡ್ಡಿ ಅಂದೆನಲ್ಲ, ಅಲ್ಲೊಂದು ಪೇಚಾಟ. ಒಂದು ಹಾರ್ಡ್‌ವೇರ್ ಅಂಗಡಿ, ಹೆಸರು ಅವರ ಮನೆದೇವರದು. ಬೆಂಗಳೂರಿನ ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಬೋರ್ಡುಗಳಲ್ಲಿ ಅರ್ಧ ದೇವರ ಹೆಸರೇ. ಯಜಮಾನರು ದುಡ್ಡು ಕೊಡೋಕೆ ತಯಾರು. ನಮ್ಮ ಹುಡುಗ ಉತ್ಸಾಹದಲ್ಲಿ ಫೋಟೋ ತೋರಿಸಿ, "ಇಲ್ಲಿ ಚೆನ್ನಾಗಿ ಕಾಣ್ಸುತ್ತೆ ಸಾರ್" ಅಂತ ಹಿಂಭಾಗಕ್ಕೆ ಬೆರಳಿಟ್ಟ. ಅವರ ಮುಖ ಕಪ್ಪಿಟ್ಟಿತು. ಎದೆ ಮೇಲೆ ಹಾಕ್ತೀವಿ ಅಂದರೆ, "ಕೆಸರಲ್ಲಿ ಹೊರಳಾಡ್ತೀರಿ, ಮೇಲೆ ಬೂಟುಗಾಲಲ್ಲಿ ತುಳೀತಾರೆ. ಸ್ವಾಮಿ ಹೆಸರು ಬೇಡಪ್ಪ" ಅಂದರು. ನ್ಯಾಯವಾದ ಮಾತು, ನಮಗೆ ಹೊಳೆದೇ ಇರಲಿಲ್ಲ. ಹಿಟ್ ಶೀಲ್ಡ್ ಮೇಲೆ ಹಾಕೋಣವೆಂದರೆ ಅದಕ್ಕೆ ಗುದ್ದೋದೇ ಕೆಲಸ. ಕೊನೆಗೆ ಹೊಂದಿದ್ದು ಸ್ಕೋರ್ ಬೋರ್ಡು. ಅವರ ಅಂಗಡಿಯ ಪ್ಲೈವುಡ್ಡು, ಅವರದೇ ಪೇಂಟು. ಮೇಲೆ ಸ್ವಾಮಿ ಹೆಸರು, ಕೆಳಗೆ ಅಂಕ. ಈಗ ಪ್ರತಿ ಪಂದ್ಯದ ದಿನ ಯಾರಾದರೂ ಅದಕ್ಕೊಂದು ಹೂ ಸಿಕ್ಕಿಸಿರ್ತಾರೆ. ಸೋತಾಗಲೂ.

ಅಕ್ಷರ ಕನ್ನಡದಲ್ಲೇ ಇರಲಿ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಿಂದ ಕಾನೂನೇ ಇದೆ, ಹಾಗಾಗಿ ಎಲ್ಲರ ಹತ್ತಿರ ಕನ್ನಡದ ವಿನ್ಯಾಸ ತಯಾರಿದೆ. ನಾವು ಅದನ್ನೇ ಇಸಕೊಂಡು ಹೊಲಿಸ್ತೀವಿ. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ನಮ್ಮ ನಂದಿನಿ ಸ್ಪಾನ್ಸರ್ ಆಗಿದ್ದು ನೆನಪಿರಬಹುದು. ಸ್ಕಾಟ್ಲೆಂಡಿನವರ ತೋಳಿನ ಮೇಲೆ ನಂದಿನಿ ಇರಬಹುದಾದರೆ ನಮ್ಮ ಹುಡುಗರ ಭುಜದ ಮೇಲೆ ಕ್ರಾಸ್ ರೋಡಿನ ಬೇಕರಿ ಯಾಕಿರಬಾರದು? ನಾನು ಈ ಮಾತನ್ನು ಎಲ್ಲಾ ಅಂಗಡಿಯಲ್ಲೂ ಹೇಳ್ತೀನಿ. ಎಲ್ಲರೂ ನಗ್ತಾರೆ, ಕೆಲವರು ಕೊಡ್ತಾರೆ.

ಈಗ ನನಗೆ ಹೇಳೋಕೆ ಕಷ್ಟವಾಗುವ ಭಾಗ. ಎರಡನೇ ವರ್ಷ ಒಂದು ಸ್ಟೀಲ್ ಪಾತ್ರೆ ಅಂಗಡಿಯವರು ಆರು ಚೆಂಡಿನ ಖರ್ಚು ಕೊಟ್ಟರು. ಕೇಳಿದ ಮೊದಲ ದಿನವೇ, ಚೌಕಾಸಿ ಇಲ್ಲದೆ. ನಾವು ಚೆಂಡು ತಂದೆವು, ಅಂಗಡಿ ಹೆಸರು ಬರೆಸಿದೆವು, ಆಡಿದೆವು. ಟೂರ್ನಿಗೆ ಹೋದೆವು, ಬಂದೆವು. ವರ್ಷ ಉರುಳಿತು. ಮತ್ತೆ ಹೋಗಿ ನಿಂತಾಗ ಅವರು ಸಿಟ್ಟು ಮಾಡಲಿಲ್ಲ. ಕೂರಿಸಿ, ಪಾತ್ರೆ ಒರೆಸುತ್ತಲೇ ಕೇಳಿದರು. "ಹನ್ನೊಂದು ತಿಂಗಳಾಯ್ತು. ಚೆಂಡು ತಂದ್ರಾ ಇಲ್ವಾ ಅಂತಾನೂ ನಂಗೊತ್ತಿಲ್ಲ. ಒಂದ್ ಫೋಟೋ? ಒಂದ್ ಫೋನು? ಈ ರಸ್ತೇಲಿ ಓಡಾಡ್ತೀರಿ, ತಲೆ ಎತ್ತಿ ಒಂದ್ ನಮಸ್ಕಾರ?" ಆಮೇಲೆ ಗಾದೆ ಹೇಳಿದರು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ಚೆಂಡಿನ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತು ಸಲ ಬಂದಿತ್ತು, ಅವರಿಗೆ ಒಂದು ಸಲವೂ ಹೋಗಿರಲಿಲ್ಲ. ಆ ವರ್ಷ ಸಿಕ್ಕ ಒಂಬತ್ತು ಜನರಲ್ಲಿ ಮುಂದಿನ ವರ್ಷ ಉಳಿದವರು ನಾಲ್ಕೇ. ಉಳಿದ ಐವರೂ ಬೇರೆ ಬೇರೆ ಕಾರಣ ಹೇಳಿದರು, ಆದರೆ ಅವರ ಕಣ್ಣಲ್ಲಿ ನಾನು ಆ ಗಾದೆಯನ್ನೇ ಓದಿದೆ. ನಾನು ಇವತ್ತು ಇಲ್ಲಿ ನಿಂತಿರುವುದೇ ಈ ಒಂದು ಕಾರಣಕ್ಕೆ. ಸ್ಪಾನ್ಸರ್ ಹುಡುಕುವುದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಸಿಕ್ಕ ಸ್ಪಾನ್ಸರ್‌ನ ಎರಡನೇ ವರ್ಷ ಹೇಗೆ ಉಳಿಸಿಕೊಂಡಿರಿ ಅಂತ ಯಾರೂ ಕೇಳಲ್ಲ, ಮತ್ತು ಕ್ಲಬ್ಬು ನಡೆಯುವುದು ಆ ಎರಡನೇ ವರ್ಷದ ದುಡ್ಡಿನಲ್ಲಿ.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಯಾರ ದುಡ್ಡಿನಿಂದ ಏನು ಬಂತು ಅನ್ನುವುದಕ್ಕೆ ಒಂದು ನೋಟ್‌ಬುಕ್. ಹೌದು, ಎಕ್ಸೆಲ್ ಅಲ್ಲ, ನೋಟ್‌ಬುಕ್ಕೇ. ಅಂಗಡಿಗೆ ತಗೊಂಡು ಹೋಗಿ ತೆರೆದು ತೋರಿಸಬಹುದು. ಚೆಂಡು ಬಂದ ದಿನ ಅಂಗಡಿ ಮುಂದೆ ನಿಂತು, ಯಜಮಾನರ ಕೈಗೆ ಚೆಂಡು ಕೊಟ್ಟು ಒಂದು ಫೋಟೋ. ಋತು ಮಧ್ಯದಲ್ಲಿ ಒಂದು ಫೋನು, ಕೇಳೋಕಲ್ಲ, ಹೇಳೋಕೆ. ಮತ್ತೆ ವರ್ಷದ ಕೊನೆಗೆ ತಂಡದ ಫೋಟೋ ಫ್ರೇಮ್ ಹಾಕಿಸಿ ಕೊಡುವುದು, ಕೆಳಗೆ ಅಂಗಡಿ ಹೆಸರು. ಸಣ್ಣ ವಿಷಯ ಅಂದುಕೊಂಡಿದ್ದೆ. ಆದರೆ ಜೆರ್ಸಿ ಮೇಲಿನ ಅಂಗಡಿ ಹೆಸರನ್ನು ನೋಡಿದವರು ಎಷ್ಟು ಜನ? ಮೈದಾನದ ಸುತ್ತ ನೂರು ಜನ ಇದ್ದರೆ ಹೆಚ್ಚು, ಅದರಲ್ಲಿ ಅರ್ಧ ನಮ್ಮವರೇ. ಬೇಕರಿ ಗೋಡೆಯ ಮೇಲೆ ಲಕ್ಷ್ಮಿ ಫೋಟೋ ಪಕ್ಕ ನೇತಾಡುವ ನಮ್ಮ ತಂಡವನ್ನು ದಿನಾ ಅದಕ್ಕಿಂತ ಹೆಚ್ಚು ಜನ ನೋಡ್ತಾರೆ. "ಯಾರಿವರು?" ಅಂತ ಗಿರಾಕಿ ಕೇಳಿದರೆ ಯಜಮಾನರು "ನಮ್ ಹುಡುಗ್ರು" ಅಂತಾರೆ. ನಾವು ಅವರಿಗೆ ಪ್ರಚಾರ ಕೊಡ್ತೀವಿ ಅಂತ ಹೋದೆವು, ಆಗಿದ್ದು ನಮಗೇ ಪ್ರಚಾರ. ಹೋದ ವರ್ಷ ಬಂದ ಹೊಸ ಆಟಗಾರರಲ್ಲಿ ಇಬ್ಬರು ಆ ಗೋಡೆ ನೋಡಿ ಬಂದವರು.

ಕಾಗದಪತ್ರದ ಬಗ್ಗೆ ಬೇಗ ಮುಗಿಸ್ತೀನಿ, ಆದರೆ ಬಿಡೋ ಹಾಗಿಲ್ಲ. ಮೊದಮೊದಲು ದುಡ್ಡು ನನ್ನ ಯುಪಿಐಗೇ ಬರುತ್ತಿತ್ತು. ಒಬ್ಬರು ಕ್ಯೂಆರ್ ನೋಡಿ, "ಇದು ನಿಮ್ಮ ಹೆಸರಲ್ಲಿದೆಯಲ್ಲ" ಅಂದರು. ಅಷ್ಟಕ್ಕೇ ಮಾತು ಮುರಿಯಿತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಮಾಡೋಕೆ ಏಳು ಜನ ಸಾಕು. ಸೆವೆನ್ಸ್ ಆಡೋಕೂ ಏಳು ಜನ ಸಾಕು. ಅಂದಮೇಲೆ ತಂಡ ಇದ್ದವರಿಗೆ ನೆಪ ಇಲ್ಲ. ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ನಂಬರ್ ಹಾಕಿದ ರಸೀದಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಅಂತ ಬೋರ್ಡು ಬಿತ್ತು. ಆ ತಿಂಗಳು ನಾವು ಯಾರ ಹತ್ತಿರವೂ ಏನೂ ಕೇಳಲಿಲ್ಲ. ಈಗಲೂ ದುಡ್ಡು ಹೇಗೆ ಕೊಡೋದು ಅನ್ನೋದನ್ನ ಅವರ ಇಷ್ಟಕ್ಕೆ ಬಿಡ್ತೀವಿ, ರಸೀದಿ ಮಾತ್ರ ಕೊಟ್ಟೇ ಕೊಡ್ತೀವಿ. ಇನ್ನು ಜಿಎಸ್‌ಟಿ. ಸ್ಪಾನ್ಸರ್‌ಶಿಪ್ ಅಂದರೆ ತೆರಿಗೆ ಲೆಕ್ಕದಲ್ಲಿ ಸೇವೆ, ದರ ಶೇ 18. ಸೇವೆಗಳಿಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ, ನಮ್ಮಂಥವರು ಅದರ ಹತ್ತಿರಕ್ಕೂ ಹೋಗಲ್ಲ. ಆದರೆ ಕೊಡುವವರು ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದರೆ ರಿವರ್ಸ್ ಚಾರ್ಜ್ ಅಂತ ತೆರಿಗೆ ಅವರೇ ಕಟ್ಟಬೇಕಾಗಿ ಬರುತ್ತೆ. ಅವರ ಆಡಿಟರ್ ಆಮೇಲೆ ಹೇಳಿ ಅವರು ಬೇಜಾರಾಗುವ ಬದಲು ನೀವೇ ಮೊದಲು ಹೇಳಿ.

ದುಡ್ಡಿಗಿಂತ ವಸ್ತು ಸುಲಭ. ಅಂಗಡಿಯವರಿಗೆ ಗಲ್ಲಾದಿಂದ ಹತ್ತು ಸಾವಿರ ತೆಗೆಯೋದು ಕಷ್ಟ, ತಮ್ಮಲ್ಲಿರುವ ಸರಕು ಕೊಡೋದು ಅಷ್ಟು ಕಷ್ಟವಲ್ಲ. ಪಂದ್ಯದ ದಿನ ಇಪ್ಪತ್ತು ಲೀಟರಿನ ಎಂಟು ಕ್ಯಾನ್ ನೀರು. ಮೊಟ್ಟೆ, ಬಾಳೆಹಣ್ಣು. ಐಸ್ ಫ್ಯಾಕ್ಟರಿಯಿಂದ ಒಂದು ಬ್ಲಾಕು. ಫಿಸಿಯೋ ಕ್ಲಿನಿಕ್ಕಿನವರು ದುಡ್ಡು ಕೊಡಲಿಲ್ಲ, ಪಂದ್ಯಕ್ಕೊಬ್ಬರನ್ನು ಕಳಿಸ್ತಾರೆ. ಅದು ನನಗೆ ಎಲ್ಲಾ ಲೋಗೋಗಳಿಗಿಂತ ದೊಡ್ಡದು. ಯಾಕೆಂದರೆ ಪ್ರತಿ ಅಂಗಡಿಯಲ್ಲೂ ಬರುವ ಪ್ರಶ್ನೆ, "ಪೆಟ್ಟಾದ್ರೆ ನಮ್ಮ ಹೆಸರು ಬರುತ್ತಾ?" ಪೆಟ್ಟಾಗಲ್ಲ ಅಂತ ಸುಳ್ಳು ಹೇಳಬೇಡಿ. ತಲೆಗೆ ಪೆಟ್ಟಾದ ಅನುಮಾನ ಬಂದರೂ ಆಟಗಾರನನ್ನು ಆಚೆ ಕರೆದುಬಿಡ್ತೀವಿ, ವರ್ಲ್ಡ್ ರಗ್ಬಿಯ ನಿಯಮದಂತೆ ಹವ್ಯಾಸಿ ಆಟಗಾರ ಕನಿಷ್ಠ 21 ದಿನ ಪಂದ್ಯಕ್ಕಿಳಿಯುವಂತಿಲ್ಲ, ಮೈದಾನದ ಪಕ್ಕ ಫಿಸಿಯೋ ಇರ್ತಾರೆ, ಆಸ್ಪತ್ರೆ ಎಷ್ಟು ದೂರ ಅಂತ ಗೊತ್ತಿದೆ. ಇಷ್ಟು ಹೇಳಿದರೆ ಅವರೇ ತಲೆಯಾಡಿಸ್ತಾರೆ.

ಎಲ್ಲರ ದುಡ್ಡೂ ಬೇಡ. ತಂಬಾಕಿನವರು ಕ್ರೀಡೆಗೆ ಸ್ಪಾನ್ಸರ್ ಮಾಡೋದನ್ನು 2003ರ ಕಾಯ್ದೆಯೇ ನಿಷೇಧಿಸಿದೆ. ಆನ್‌ಲೈನ್ ದುಡ್ಡಿನಾಟದ ಆ್ಯಪಿನವರು ನಮ್ಮಂಥ ಸಣ್ಣವರ ಹತ್ತಿರವೂ ಬಂದಿದ್ದರು, ನಾವು ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತೀವಿ ಅಂದರು. ಹುಡುಗರಲ್ಲಿ ಎರಡು ಪಕ್ಷವಾಯಿತು, ಬೇಡ ಅನ್ನುವವರು ಒಂದೇ ಮತದಿಂದ ಗೆದ್ದರು. 2025ರ ಆಗಸ್ಟಿನಲ್ಲಿ ಅಂಥ ದುಡ್ಡಿನಾಟ ನಿಷೇಧಿಸುವ ಕಾನೂನು ಬಂದು ಸ್ಪಾನ್ಸರ್ ಆಗಿದ್ದ ಡ್ರೀಮ್ ಇಲೆವೆನ್ ಹಿಂದೆ ಸರಿದಾಗ ಭಾರತದ ಕ್ರಿಕೆಟ್ ತಂಡವೇ ಏಷ್ಯಾ ಕಪ್ಪಿಗೆ ಎದೆಯ ಮೇಲೆ ಸ್ಪಾನ್ಸರ್ ಇಲ್ಲದ ಜೆರ್ಸಿ ತೊಟ್ಟು ಹೋಯಿತು. ಬಿಸಿಸಿಐ ಅದನ್ನು ತಡೆದುಕೊಳ್ಳುತ್ತೆ. ನಾವಾಗಿದ್ದರೆ ಮೂವತ್ತು ಜೆರ್ಸಿ ಮತ್ತೆ ಹೊಲಿಸಬೇಕಿತ್ತು.

ಫ್ಲೆಕ್ಸ್ ಬಗ್ಗೆ ಒಂದೇ ಮಾತು. 2018ರಲ್ಲಿ ಹೈಕೋರ್ಟು ಚಾಟಿ ಬೀಸಿ ಊರಿನ ಫ್ಲೆಕ್ಸೆಲ್ಲ ಕಿತ್ತು ಹಾಕಿಸಿದ್ದು ಮರೆಯಬೇಡಿ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿರಬಹುದು, ರಸ್ತೆಯಲ್ಲಿ ಹಾಕಿಸ್ತೀವಿ ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ. ಹಾಕೋದಿದ್ದರೆ ಮೈದಾನದ ಒಳಗೆ, ಬಟ್ಟೆಯದು, ಮೈದಾನದವರನ್ನು ಕೇಳಿ.

ನನ್ನ ಮಾತು ಇಷ್ಟು. ಏನಾದರೂ ಕೇಳೋದಿದ್ದರೆ ಕೇಳಿ.

ಒಬ್ಬರು ಕೇಳಿದರು: "ಮಹಿಳಾ ತಂಡಕ್ಕೆ ಬೇರೆಯಾಗಿ ಕೇಳ್ತೀರಾ, ಒಟ್ಟಿಗಾ?"

ಒಟ್ಟಿಗೇ ಕೇಳುತ್ತಿದ್ದೆವು. ಬಂದದ್ದೆಲ್ಲ ಗಂಡಸರ ಬೂಟಿಗೆ ಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಪೀಣ್ಯದ ಒಂದು ಗಾರ್ಮೆಂಟ್ ಘಟಕದ ಯಜಮಾನತಿ ನಮ್ಮ ನೋಟ್‌ಬುಕ್ ಪೂರಾ ತಿರುವಿ ನೋಡಿ, "ಹೆಣ್ಮಕ್ಕಳ ಪುಟ ಎಲ್ಲಿ?" ಅಂದರು. ಪುಟವೇ ಇರಲಿಲ್ಲ. ಅವರ ಹತ್ತಿರ ಏನೂ ಕೇಳದೆ ಎದ್ದು ಬಂದೆವು. ಪುಟ ಮಾಡಿಕೊಂಡು ಮತ್ತೆ ಹೋದೆವು. ಈಗ ಆ ತಂಡದ ಜೆರ್ಸಿ, ಚಡ್ಡಿ ಪೂರಾ ಅವರದೇ ಹೊಲಿಗೆ, ಅದೂ ಹೆಣ್ಣುಮಕ್ಕಳ ಅಳತೆಗೆ. ಅದಕ್ಕೆ ಮುಂಚೆ ಅವರು ಗಂಡಸರ ಮೀಡಿಯಂ ಮಡಿಚಿಕೊಂಡು ಹಾಕುತ್ತಿದ್ದರು.

ಹಿಂದಿನ ಸಾಲಿನಿಂದ ಇನ್ನೊಬ್ಬರು: "ಆ ಪಾತ್ರೆ ಅಂಗಡಿಯವರು ಮತ್ತೆ ಕೊಟ್ಟರಾ?"

ಇಲ್ಲ. ಆರು ಚೆಂಡಿನ ಲೆಕ್ಕ ಬರೆದುಕೊಂಡು ಹೋಗಿ ಕೊಟ್ಟೆ, ತಪ್ಪಾಯಿತು ಅಂದೆ. ಓದಿ ಮಡಿಚಿ ಗಲ್ಲಾದ ಕೆಳಗಿಟ್ಟುಕೊಂಡರು, ಟೀ ತರಿಸಿದರು. ದುಡ್ಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ವಾರ ಮನೆಯ ಕುಕ್ಕರಿಗೆ ಗ್ಯಾಸ್ಕೆಟ್ ಬೇಕಿತ್ತು, ಅಲ್ಲಿಗೇ ಹೋದೆ. "ಮೊನ್ನೆ ಮ್ಯಾಚ್ ಏನಾಯ್ತು?" ಅಂತ ಅವರೇ ಕೇಳಿದರು. ಸೋತೆವು ಅಂದೆ. ಎಷ್ಟರಲ್ಲಿ ಅಂದರು. ಹೇಳಿದೆ. "ಛೆ" ಅಂದರು. ಗ್ಯಾಸ್ಕೆಟ್ಟಿಗೆ ಮಾತ್ರ ಪೂರಾ ದುಡ್ಡು ತಗೊಂಡರು.